ಸಂಬಳದ ಚೀಟಿಯಲ್ಲಿ ಎರಡಕ್ಷರ

ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದ ಹೊಸತು. ವಿಳಾಸ ನೋಂದಾಯಿಸಲು ಹೋದರೆ ಅರ್ಜಿಯಲ್ಲಿ ಧರ್ಮ ಯಾವುದೆಂದು ಕೇಳಿದ್ದರು. ಊರಿನ ಅಭ್ಯಾಸ, ಹಿಂದೆಮುಂದೆ ನೋಡದೆ ‘ಪ್ರೊಟೆಸ್ಟೆಂಟ್’ ಅಂತ ತುಂಬಿದೆ. ಮೊದಲ ಸಂಬಳದ ಚೀಟಿ ನೋಡಿದಾಗ ಅದರ ಬೆಲೆ ತಿಳಿಯಿತು. ಅದರಲ್ಲಿ ‘ಇವಿ’ ಅಂತ ಎರಡಕ್ಷರ, ಪ್ರೊಟೆಸ್ಟೆಂಟ್ ಅನ್ನುವುದರ ಜರ್ಮನ್ ಚುಟುಕು ರೂಪ; ಕೆಳಗೆ ಚರ್ಚ್ ತೆರಿಗೆ. ಇಲ್ಲೂ ಪಕ್ಕದ ಬವೇರಿಯದಲ್ಲೂ ಆದಾಯ ತೆರಿಗೆಯ ಶೇ 8, ಉಳಿದ ರಾಜ್ಯಗಳಲ್ಲಿ ಶೇ 9. ಕೇಳುವುದೂ ಇಲ್ಲ, ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ.

“ಭಾನುವಾರ ಚರ್ಚಿಗೆ ಹೋಗ್ತಿದ್ದೀಯಾ ಮಗಾ?” ಅಂತ ಉಡುಪಿಯಿಂದ ಅಮ್ಮನ ಫೋನು. “ತಿಂಗಳು ತಿಂಗಳು ಕೊಡ್ತಿದ್ದೇನಮ್ಮ” ಅನ್ನುತ್ತಿದ್ದೆ. ಸುಳ್ಳೇನಲ್ಲವಲ್ಲ!

ವರ್ಷವಿಡೀ ಖಾಲಿ ಹೊಡೆಯುವ ಚರ್ಚು ಡಿಸೆಂಬರ್ 24ರ ಸಂಜೆ ಕಾಲಿಡಲು ಜಾಗವಿಲ್ಲದಂತೆ ತುಂಬುತ್ತದೆ. ಅವತ್ತು ಮಾತ್ರ ಬರುವವರನ್ನು ಇಲ್ಲಿ ತಮಾಷೆಗೆ ಜಲಾಂತರ್ಗಾಮಿ ಕ್ರೈಸ್ತರು ಅನ್ನುತ್ತಾರೆ, ವರ್ಷಕ್ಕೊಮ್ಮೆ ಮೇಲೆ ಬಂದು ಮತ್ತೆ ಮುಳುಗುವವರು. ನಕ್ಕೆ. ಆಮೇಲೆ ನೋಡಿದರೆ ನಾನೂ ಅದೇ ದೋಣಿಯಲ್ಲಿದ್ದೆ. ಹಾಗಂತ ಊರಿನಲ್ಲಿ ನಾನೇನು ದೊಡ್ಡ ಭಕ್ತನಾಗಿದ್ದೆನೇ? ಚರ್ಚಿನ ಬೆಳೆ ಹಬ್ಬದ ಏಲಂನಲ್ಲಿ ಒಂದು ಸೌತೆಕಾಯಿಗೆ ಹಟ ಕಟ್ಟಿ 500 ರೂಪಾಯಿ ಕೂಗಿದ್ದು, ಎದುರು ಮನೆಯವರಿಗೆ ಕೇಳಲಿ ಅಂತ.

ಈ ಸೀಮೆಗೂ ನಮಗೂ ಹಳೆಯ ನಂಟು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಇದೇ ವುರ್ಟೆಂಬರ್ಗಿನವರು. ಚರ್ಚಿನ ಉಪದೇಶ ಒಣಗಿಹೋಗಿದೆ, ಹೃದಯ ಮುಟ್ಟುತ್ತಿಲ್ಲ ಅಂತ ಮನೆಮನೆಗಳಲ್ಲಿ ಬೈಬಲ್ ಹಿಡಿದು ಸೇರುತ್ತಿದ್ದ ಪೀಟಿಸ್ಟರ ನಾಡು ಇದು. ಆ ಕೂಟಗಳಿಗೆ ‘ಸ್ಟುಂಡೆ’, ಅಂದರೆ ‘ಒಂದು ತಾಸು’, ಎಂದು ಹೆಸರು. 1743ರಲ್ಲಿ ಸರ್ಕಾರವೇ ಅವಕ್ಕೆ ಅನುಮತಿ ಕೊಟ್ಟಿತು. ನಮ್ಮಜ್ಜಿ ಸಂಜೆ ಎಲ್ಲರನ್ನೂ ಚಾಪೆಯ ಮೇಲೆ ಮೊಣಕಾಲೂರಿಸಿ ಪ್ರಾರ್ಥನೆ ಮಾಡಿಸುತ್ತಿದ್ದದ್ದರ ಬೇರು ಇಲ್ಲೇ ಎಲ್ಲೋ ಇರಬೇಕು. ನನಗೆ ನೆನಪಿರುವುದು ಮೊಣಕಾಲ ನೋವು, ಅಡುಗೆಮನೆಯಿಂದ ಬರುತ್ತಿದ್ದ ಮೀನಿನ ಪರಿಮಳ.

ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆ ಚರ್ಚು ಬಿಟ್ಟವಳು. ಬಿಡುವುದೂ ಇಲ್ಲಿ ಸರ್ಕಾರಿ ಕೆಲಸವೇ: ನೋಂದಣಿ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಸಹಿ ಹಾಕಬೇಕು. ಅಂಥವಳು ಪ್ರತಿ ಚಳಿಗಾಲ ವಾರಗಟ್ಟಲೆ ರಜೆ ಹಾಕಿ ಲಿಯೊನ್‌ಹಾರ್ಡ್ ಚರ್ಚಿನಲ್ಲಿ ಊಟ ಬಡಿಸುತ್ತಾಳೆ. ಅದು ‘ವೆಸ್ಪರ್‌ಕಿರ್ಷೆ’, 1995ರಿಂದ ನಡೆದುಬಂದದ್ದು. ವೆಸ್ಪರ್ ಅಂದರೆ ಸಂಜೆಯ ಪ್ರಾರ್ಥನೆ. ಈ ಕಡೆಯ ಆಡುಮಾತಿನಲ್ಲಿ ಬ್ರೆಡ್ಡು, ಸಾಸೇಜಿನ ತಿಂಡಿಯೂ ಹೌದು. ಚಳಿಗಾಲದ ಏಳು ವಾರ ಚರ್ಚಿನೊಳಗೆ ಊಟದ ಮೇಜುಗಳು ಬಂದು ಕೂರುತ್ತವೆ. ಮನೆಯಿಲ್ಲದವರು, ಪಿಂಚಣಿ ಸಾಲದ ಮುದುಕರು, ನಾಯಿ ಹಿಡಿದು ಬಂದವರು, ಎಲ್ಲರಿಗೂ ಬಿಸಿಯೂಟ. ವೈದ್ಯರೂ ಇರುತ್ತಾರೆ, ಕೂದಲು ಕತ್ತರಿಸುವವರೂ ಇರುತ್ತಾರೆ.

ಕಳೆದ ಚಳಿಗಾಲ ಒಂದು ದಿನ ನನ್ನನ್ನೂ ಎಳೆದುಕೊಂಡು ಹೋದಳು. ಅವತ್ತು ಬೇಳೆಯ ಗಟ್ಟಿ ಸಾರು, ಶ್ಪೆಟ್ಸ್ಲೆ ಎಂಬ ಹಿಟ್ಟಿನ ಎಳೆಗಳು. ಸೌಟು ನನ್ನ ಕೈಗೆ ಬಂತು. ಕೈ ನಡುಗುವ ಒಬ್ಬರ ತಟ್ಟೆಯನ್ನು ಆಕೆಯೇ ಮೇಜಿಗೆ ಒಯ್ದು, ಸಾಸೇಜು ಸಣ್ಣಗೆ ಕತ್ತರಿಸಿಕೊಟ್ಟು ಬಂದಳು. ಮುಂದಿನ ಮುದುಕ ಆಕೆಯನ್ನು ಕೇಳಿದ: “ನೀವು ಈ ಚರ್ಚಿನವರಾ?”

“ನಾನಲ್ಲ, ಇವನು” ಅಂತ ನನ್ನ ಕಡೆ ಕೈ ತೋರಿಸಿದಳು.

ಆತ ನನ್ನತ್ತ ತಿರುಗಿದ. “ಹಾಗಾದರೆ ನನ್ನ ಹೆಂಡತಿಗೊಂದು ಪ್ರಾರ್ಥನೆ ಮಾಡು. ಆಸ್ಪತ್ರೆಯಲ್ಲಿದ್ದಾಳೆ.”

ಜರ್ಮನ್ ಭಾಷೆಯಲ್ಲಿ ಏನು ಹೇಳಲಿ? ಬಾಯಿಗೆ ಬಂದದ್ದು ಚಾಪೆಯ ಮೇಲೆ ಉರು ಹೊಡೆದದ್ದೇ: “ಪರಲೋಕದಲ್ಲಿರುವ ನಮ್ಮ ತಂದೆಯೇ...” ಆತನಿಗೆ ಒಂದು ಪದವೂ ತಿಳಿದಿರಲಿಕ್ಕಿಲ್ಲ. ಉಣ್ಣೆಯ ಟೋಪಿ ತೆಗೆದು ಎದೆಗೆ ಹಿಡಿದು ನಿಂತ. ನಾನು ಸೌಟು ಕೆಳಗಿಡುವುದನ್ನೂ ಮರೆತಿದ್ದೆ.