ಠಾಣೆಗೆ ಹೋಗಲಾಗದವರು

ತುಮಕೂರಿನ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಬ್ಬ ಲೈಂಗಿಕ ಕಾರ್ಯಕರ್ತೆಯ ಮೇಲೆ ಪೊಲೀಸರು ಲಾಠಿ ಬೀಸಿದರೆ, ಅದನ್ನು ದೌರ್ಜನ್ಯವೆಂದು ಕರೆಯುವವರು ನಮ್ಮೂರಿನಲ್ಲಿ ಬಹಳ ಮಂದಿ ಸಿಗಲಾರರು. ಊರು ಶುಚಿಯಾಯಿತು ಎಂಬ ಮಾತೇ ಹೆಚ್ಚು ಕೇಳಿಸೀತು.

ಕಾನೂನು ಹೇಳುವುದು ಬೇರೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯು ವೇಶ್ಯಾಗೃಹ ನಡೆಸುವುದನ್ನು, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಗಳನ್ನು ಕರೆಯುವುದನ್ನು ಅಪರಾಧವೆನ್ನುತ್ತದೆಯೇ ಹೊರತು ಹೊಡೆಯುವ, ಬೈಯುವ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ. 2022ರ ಮೇ 19ರಂದು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಘನತೆಯ ಬದುಕು ಲೈಂಗಿಕ ಕಾರ್ಯಕರ್ತೆಯರಿಗೂ ಸಲ್ಲುತ್ತದೆ ಎಂದು ಹೇಳಿ, ಪೊಲೀಸರು ಇವರನ್ನು ಮಾತಿನಿಂದಾಗಲಿ ಕೈಯಿಂದಾಗಲಿ ಹಿಂಸಿಸಕೂಡದು ಎಂಬ, ತಾನೇ ನೇಮಿಸಿದ್ದ ಸಮಿತಿಯ ಶಿಫಾರಸನ್ನು ಪಾಲಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿತು. (ದಾಳಿಯ ವೇಳೆ ಬಂಧಿಸಬಾರದು ಎಂಬುದೂ ಸೇರಿ ಕೆಲವು ಶಿಫಾರಸುಗಳಿಗೆ ಕೇಂದ್ರ ಸರ್ಕಾರ ತಕರಾರು ತೆಗೆದಿದ್ದರಿಂದ ಅವು ಆ ನಿರ್ದೇಶನದಲ್ಲಿ ಸೇರಲಿಲ್ಲ, ಇದನ್ನು ಮರೆತು ಸಂಭ್ರಮಿಸಿದವರೇ ಹೆಚ್ಚು.)

ನನ್ನನ್ನು ಹೆಚ್ಚು ಕಾಡುವುದು ಕಾಂಡೋಮಿನ ವಿಚಾರ. ಏಡ್ಸ್ ತಡೆಗಾಗಿ ಸರ್ಕಾರವೇ ತನ್ನ ಖರ್ಚಿನಲ್ಲಿ ಹಂಚುವ ವಸ್ತುವನ್ನು ಅದೇ ಸರ್ಕಾರದ ಇನ್ನೊಂದು ಇಲಾಖೆ ಅಪರಾಧದ ಸಾಕ್ಷ್ಯವೆಂದು ಹಿಡಿದರೆ, ಹೆಂಗಸರು ಅದನ್ನು ಕೈಚೀಲದಲ್ಲಿಟ್ಟುಕೊಳ್ಳಲು ಹೆದರುತ್ತಾರೆ, ರೋಗ ಹರಡುತ್ತದೆ. ಹಾಗೆ ಸಾಕ್ಷ್ಯವಾಗಿ ಪರಿಗಣಿಸಬಾರದೆಂಬುದೂ ಅದೇ ಆದೇಶದಲ್ಲಿದೆ.

ಪೊಲೀಸರ ಭಯವಿರುವ ಹೆಂಗಸು ಅತ್ಯಾಚಾರವಾದರೂ ಠಾಣೆಗೆ ಹೋಗುವುದಿಲ್ಲ. ಇದು ಗಿರಾಕಿಗಳಿಗೂ ರೌಡಿಗಳಿಗೂ ಚೆನ್ನಾಗಿ ಗೊತ್ತು. ಅಂಥ ಹೆಂಗಸರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೊರೆ ಹೋಗಬಹುದು: 1987ರ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇರಲಿ, ಯಾವ ಮಹಿಳೆಗೂ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗಬೇಕು.