71 ಡಿಗ್ರಿಯ ಫೋಟೊ

ಮೊನ್ನೆ ಹೊಸ ಬರ್ನ್-ಇನ್ ಶೀಟು, ಅಂದರೆ ಜೋಡಿಸಿದ ಕಂಪ್ಯೂಟರನ್ನು ಪೂರ್ತಿ ದುಡಿಸಿ ಟೆಸ್ಟ್ ಮಾಡಿದ ವಿವರ ಬರೆಯುವ ಹಾಳೆ, ಪ್ರಿಂಟಾಗಿ ಬಂತು. ಐನೂರು ಹಾಳೆ, ಮೇಲೆ ಅಂಗಡಿಯ ಹೆಸರು ಬಣ್ಣದಲ್ಲಿ. ಕಸ್ಟಮರ್ ಹೆಸರು, ಮದರ್‌ಬೋರ್ಡಿನ ಸೀರಿಯಲ್ ನಂಬರು, ಪ್ರೊಸೆಸರ್ ಮೇಲೆ ಪೂರ್ತಿ ಭಾರ ಹಾಕುವ ಸಿನಿಬೆಂಚ್ ಪ್ರೋಗ್ರಾಮ್ ಹತ್ತು ನಿಮಿಷ, ಸಿಪಿಯು ಟೆಂಪರೇಚರ್, ಸಹಿ. ಟೆಸ್ಟ್ ಮಾಡುವಾಗ ರೂಮಿನ ಬಿಸಿ ಎಷ್ಟಿತ್ತು ಅಂತ ಬರೆಯಲು ಒಂದು ಕಾಲಂ ಹಾಕಿಸಿ ಅಂತ ಎರಡು ವರ್ಷದಿಂದ ಕೇಳುತ್ತಿದ್ದೇನೆ. ಈ ಸಲವೂ ಇಲ್ಲ. "ನಮ್ಮ ಅಂಗಡಿ ಎಷ್ಟು ಬಿಸಿ ಇದೆ ಅಂತ ಕಸ್ಟಮರ್‌ಗೆ ಯಾಕಪ್ಪಾ?" ಅಂದರು ಓನರು. ಹಾಗಾಗಿ ಪಕ್ಕದ ಖಾಲಿ ಜಾಗದಲ್ಲಿ ಪೆನ್ನಿಂದ ಬರೆಯುತ್ತೇನೆ. ಶೀಟು ಗಲೀಜಾಗುತ್ತದೆ ಅಂತ ಬೈಸಿಕೊಳ್ಳುತ್ತೇನೆ. ಈ ಚಟ ಹತ್ತಿದ್ದು ರಾಯಚೂರಿನಿಂದ.

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಅಸೆಂಬ್ಲಿ ಟೇಬಲ್ ನನ್ನದು. 2023ರ ಫೆಬ್ರುವರಿಯಲ್ಲಿ ರಾಯಚೂರಿನ ಒಂದು ಫೋಟೊ ಸ್ಟುಡಿಯೋದಿಂದ ಆರ್ಡರ್ ಬಂತು. ಮದುವೆ ವಿಡಿಯೋ ಎಡಿಟಿಂಗಿಗೆ ಒಂದು ಸಿಸ್ಟಮ್. ಪಾರ್ಟುಗಳನ್ನು ಆರಿಸಿದ್ದು ನಾನೇ. ಪ್ರೊಸೆಸರ್ ಐ7 12700, 32 ಜಿಬಿ ರ‍್ಯಾಮು, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060. ಇಷ್ಟಕ್ಕೆ ಯಾರೂ ತಕರಾರು ಮಾಡುವ ಹಾಗಿಲ್ಲ. ಆಮೇಲಿನದ್ದು ಕೇಳಿ. "ಸರ್ರ, ಸ್ಟುಡಿಯೋಕ್ಕ ಬಂದವ್ರಿಗೆ ಕಾಣಬೇಕ್ರೀ, ಚಂದ ಇರ್ಲಿ" ಅಂದಿದ್ದರು ಸ್ಟುಡಿಯೋದವರು. ಚಂದಕ್ಕೆ ಅಂತ ಮುಂದೆಯೂ ಗ್ಲಾಸು, ಬದಿಗೂ ಗ್ಲಾಸು ಇರುವ ಕ್ಯಾಬಿನೆಟ್ ತೆಗೆದೆ. ಪ್ರೊಸೆಸರನ್ನು ನೀರಿನಿಂದ ತಣ್ಣಗಿಡುವ, ಬಣ್ಣದ ಲೈಟಿನ 240 ಎಂಎಂ ವಾಟರ್ ಕೂಲರ್ ಹಾಕಿದೆ. ಬಜೆಟ್ ಮೀರಿತು. ಎಲ್ಲಿ ಕಡಿಮೆ ಮಾಡೋದು? ಬೋರ್ಡಲ್ಲಿ. ಬೋರ್ಡು ಹಿಂದೆ ಕೂತಿರುವ ವಸ್ತು, ಗ್ಲಾಸಿನಲ್ಲಿ ಕಂಡರೂ ಯಾರೂ ಗಮನಿಸಲ್ಲ. ಬಿ660 ಅನ್ನೋ ಜಾತಿಯ ಬೋರ್ಡುಗಳಲ್ಲೇ ಅತಿ ಅಗ್ಗದ್ದು, ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಕೊಡುವ ಭಾಗ) ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಇಲ್ಲದ್ದು. ಪ್ರೊಸೆಸರ್ ಚಿಪ್ಪು ಹೇಗೂ 65 ವ್ಯಾಟಿನದು, ಸಾಕು ಅಂದುಕೊಂಡೆ.

65 ವ್ಯಾಟ್ ಅನ್ನುವುದು ಆ ಚಿಪ್ಪು ತನ್ನ ಮಾಮೂಲಿ ವೇಗದಲ್ಲಿ ಕೆಲಸ ಮಾಡುವಾಗಿನ ಮಾತು. ಟರ್ಬೋಗೆ, ಅಂದರೆ ಹೆಚ್ಚಿನ ವೇಗಕ್ಕೆ, ಹೋದರೆ 180ರವರೆಗೆ ಎಳೆಯಬಹುದು ಅಂತ ಇಂಟೆಲ್‌ನವರೇ ಹೇಳಿದ್ದಾರೆ. ನನಗದು ಗೊತ್ತಿರಲಿಲ್ಲ ಅಂತಲ್ಲ. ಟರ್ಬೋ ಅಂದರೆ ಒಂದು ನಿಮಿಷದ ಆಟ, ಆಮೇಲೆ ತಾನೇ ಇಳಿಯುತ್ತದೆ ಅಂತ ನಂಬಿದ್ದೆ. ಆದರೆ ಆ ಬೋರ್ಡು ಮೊದಲ ಸಲ ಆನ್ ಮಾಡಿದಾಗ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್) ಒಂದು ಪ್ರಶ್ನೆ ಕೇಳುತ್ತದೆ: ಯಾವ ಕೂಲರ್? ಬಾಕ್ಸ್ (ಪ್ರೊಸೆಸರ್ ಜೊತೆಗೇ ಬರುವ ಚಿಕ್ಕದು), ಟವರ್ (ದೊಡ್ಡ ಫ್ಯಾನಿನದು), ವಾಟರ್. ಹಾಕಿದ್ದು ವಾಟರ್, ಒತ್ತಿದ್ದೂ ವಾಟರ್. ಹಾಗೆ ಒತ್ತಿದರೆ ಪವರ್ ಲಿಮಿಟ್ 4096 ವ್ಯಾಟ್ ಆಗಿ ಕೂರುತ್ತದೆ. ಮನೆಯ ಗೀಸರ್ 2000 ವ್ಯಾಟು. ಎರಡು ಗೀಸರಿನಷ್ಟು ಬೇಕಾದರೂ ಎಳೆದುಕೋ ಅಂತ ಪ್ರೊಸೆಸರ್‌ಗೆ ಪರ್ಮಿಷನ್ ಕೊಟ್ಟ ಹಾಗೆ. ಅಂದರೆ ಆ 180ಕ್ಕೆ ಹೋದ ಚಿಪ್ಪು ಅಲ್ಲಿಂದ ಇಳಿಯುವುದೇ ಇಲ್ಲ.

ನಮ್ಮ ಟೇಬಲ್ ಮೇಲೆ ಎಲ್ಲ ಸರಿಯಾಗೇ ನಡೆಯಿತು. ಎಸಿ ಅಂಗಡಿ, 24 ಡಿಗ್ರಿ. ಸಿನಿಬೆಂಚ್ ಹತ್ತು ನಿಮಿಷ, ಸಿಪಿಯು 74. ಸಹಿ ಹಾಕಿದೆ, ಫೋಮ್ ತುಂಬಿ ಬಸ್ ಪಾರ್ಸೆಲ್‌ಗೆ ಹಾಕಿದೆವು. ಅವರು ಪೂಜೆ ಮಾಡಿ, ಹೂವು ಏರಿಸಿ, ಫೋಟೊ ಕಳಿಸಿದರು. ಕ್ಯಾಬಿನೆಟ್ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು.

ಏಪ್ರಿಲ್‌ನಲ್ಲಿ ಫೋನ್ ಬಂತು. "ಸರ್ರ, ರೆಂಡರ್ ಹಚ್ಚಿದ್ರ ಬಂದ್ ಆಗ್ತದ ನೋಡ್ರಿ. ಬರೇ ಮಧ್ಯಾಹ್ನ. ರಾತ್ರಿ ಏನೂ ಆಗಂಗಿಲ್ಲ." ರೆಂಡರ್ ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಫೈಲ್ ಮಾಡುವ ಕೆಲಸ. ಬರೇ ಮಧ್ಯಾಹ್ನ ಅಂದರೆ ವೋಲ್ಟೇಜ್, ಅಲ್ವಾ? ಮಧ್ಯಾಹ್ನ ಊರೆಲ್ಲ ಏರ್ ಕೂಲರ್ ಹಾಕಿಕೊಂಡು ಕೂತಿರುತ್ತದೆ. ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆಗೆಸಿದೆ. ಕೆಂಪಗೆ ಕರ್ನಲ್-ಪವರ್ 41. ಪವರ್ ಅನ್ನೋ ಪದ ಕಂಡಿತು, ತೀರ್ಪು ಕೊಟ್ಟೆ: ನಿಮ್ಮ ಕರೆಂಟ್ ಸರಿ ಇಲ್ಲ, ಹಳೇ ಯುಪಿಎಸ್ ಬಿಸಾಕಿ. ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಗಿತ್ತು ಅಂತ ಮಾತ್ರ ಹೇಳುತ್ತದೆ ಆ 41. ಯಾಕೆ ನಿಂತಿತು ಅಂತ ಹೇಳಲ್ಲ. ಅವರು ಪಾಪ 6,000 ರೂಪಾಯಿ ಕೊಟ್ಟು ಹೊಸ ಯುಪಿಎಸ್ ತಂದರು. ಮಾರನೇ ದಿನ ಮಧ್ಯಾಹ್ನ ಮತ್ತೆ ಬಂದ್.

ಆಮೇಲೆ ಎಸ್‌ಎಂಪಿಎಸ್ (ಸಿಸ್ಟಮ್ ಒಳಗಿನ ಪವರ್ ಸಪ್ಲೈ ಡಬ್ಬಿ) ಬದಲಾಯಿಸಿ ಕಳಿಸಿದೆ. ಅದೂ ಆಗಲಿಲ್ಲ. ಟೆಂಪರೇಚರ್ ಫೋಟೊ ಕಳಿಸಿ ಅಂದೆ. ಸ್ಟುಡಿಯೋದ ಹುಡುಗ ಮೊಬೈಲಲ್ಲಿ ಸ್ಕ್ರೀನ್ ತೆಗೆದು ಕಳಿಸಿದ. ರೆಂಡರ್ ನಡೆಯುತ್ತಿದೆ, ಸಿಪಿಯು 71 ಡಿಗ್ರಿ. ರಾಯಚೂರಿನ ಬಿಸಿಲಿಗೆ 71! ನಮ್ಮ ಎಸಿ ಅಂಗಡಿಗಿಂತ ಮೂರು ಡಿಗ್ರಿ ಕಡಿಮೆ. ಇದನ್ನು ಕಂಡು ನನಗೆ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಹೆಮ್ಮೆ. "ನೋಡಿದ್ರಾ, ಕೂಲಿಂಗ್ ಸೂಪರ್ ಇದೆ" ಅಂತ ವಾಯ್ಸ್ ಮೆಸೇಜ್ ಹಾಕಿದೆ.

ಆ ಹುಡುಗ ಇನ್ನೊಂದು ಮಾತು ಹೇಳಿದ್ದ. "ಅಣ್ಣಾ, ಬಾಜೂ ಗ್ಲಾಸು ತೆಗೆದು ಟೇಬಲ್ ಫ್ಯಾನ್ ಹಚ್ಚಿದ್ರ ಬಂದ್ ಆಗಂಗಿಲ್ರೀ." ನಾನು ಏನಂದೆ ಗೊತ್ತಾ? ಗ್ಲಾಸ್ ತೆಗೀಬೇಡಪ್ಪಾ, ಧೂಳು ಹೋಗುತ್ತೆ, ವಾರಂಟಿ ಹೋಗುತ್ತೆ ಅಂದೆ. ಹತ್ತೊಂಬತ್ತು ವರ್ಷದ ಹುಡುಗ ರೋಗ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದ್ದ. ಹನ್ನೊಂದು ವರ್ಷ ಸರ್ವಿಸ್ ಆದ ನಾನು ಬೈದು ಸುಮ್ಮನಾಗಿಸಿದೆ. ಇವತ್ತಿಗೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ಮೇ ಎರಡನೇ ವಾರ ಓನರು "ನೀನೇ ಹೋಗಿ ಬಾ" ಅಂದರು. ಬಸ್ ಚಾರ್ಜ್ ಕೊಡುತ್ತೀರಾ ಅಂದರೆ ಮೊದಲು ಹೋಗಿ ಬಾ ಅಂದರು. ರಾತ್ರಿ ಬಸ್ಸು ಹತ್ತಿದೆ.

ಬೆಳಗ್ಗೆಯೆಲ್ಲ ಏನೂ ಸಿಗಲಿಲ್ಲ. ಸಿಸ್ಟಮ್ ಚೆನ್ನಾಗೇ ನಡೆಯಿತು. ಅವರ ಜಾಗ ಮಾತ್ರ ನೋಡಿದೆ. ಎಸಿ ಇರುವುದು ಶೂಟಿಂಗ್ ರೂಮಿಗೆ. ಎಡಿಟಿಂಗ್ ಮೇಲ್ಗಡೆ, ತಗಡಿನ ಛಾವಣಿ ಕೆಳಗೆ. ಧೂಳಿಗೆ ಹೆದರಿ ಸಿಸ್ಟಮ್ಮನ್ನು ಪ್ಲೈವುಡ್ ಟೇಬಲ್ಲಿನ ಗೂಡಿನೊಳಗೆ ಇಟ್ಟು ಬಾಗಿಲು ಹಾಕಿದ್ದರು. ಪಾಪ, ಧೂಳಿನ ಭಯ ಹುಟ್ಟಿಸಿದ್ದೂ ನಾನೇ. ಹತ್ತಿರದಲ್ಲೇ ಹತ್ತಿಯ ಜಿನ್ನಿಂಗ್ ಮಿಲ್ಲು. ಕ್ಯಾಬಿನೆಟ್ ಕೆಳಗಿನ ಫಿಲ್ಟರ್ ಎಳೆದರೆ ಹತ್ತಿ ಹಾಸಿಗೆಯ ಹಾಗೆ ಕೂತಿತ್ತು. ದೇವರ ದೀಪಕ್ಕೆ ಒಂದು ತಿಂಗಳಿನ ಬತ್ತಿ ಹೊಸೆಯಬಹುದಿತ್ತು.

ಮಧ್ಯಾಹ್ನ ಊಟ ಮುಗಿಸಿ ಬಂದರೆ ಒಬ್ಬರು ಕುರ್ಚಿಯಲ್ಲಿ ಕೂತಿದ್ದಾರೆ. ಮದುಮಗಳ ಸೋದರಮಾವ. ಸಂಜೆ ಏಳಕ್ಕೆ ರಿಸೆಪ್ಷನ್, ಎಲ್‌ಇಡಿ ಪರದೆ ಮೇಲೆ ವಿಡಿಯೋ ಹಾಕಬೇಕು, ಪೆನ್‌ಡ್ರೈವ್ ತಗೊಂಡೇ ಹೋಗುತ್ತೇನೆ ಅಂತ ಚಹಾ ಕುಡಿಯುತ್ತಿದ್ದಾರೆ. ಎರಡೂವರೆಗೆ ರೆಂಡರ್ ಹಚ್ಚಿದ್ದರು. 40 ನಿಮಿಷದ ವಿಡಿಯೋ, ಎಫೆಕ್ಟು ಜಾಸ್ತಿ. ರೂಮಿನ ಗಡಿಯಾರದಲ್ಲೇ ಥರ್ಮಾಮೀಟರ್ ಇತ್ತು: 38. ಗೂಡಿನೊಳಗೆ ಕೈ ಹಾಕಿದರೆ ರೊಟ್ಟಿ ಹಂಚಿನ ಹತ್ತಿರ ಕೈ ಹಿಡಿದ ಹಾಗೆ.

ಮೂರೂ ನಲವತ್ತು. 62 ಪರ್ಸೆಂಟ್. ಬಿಸಿ, ವೇಗ ಎಲ್ಲ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಪ್ರೋಗ್ರಾಮ್ ತೆಗೆದು ಕೂತಿದ್ದೇನೆ. ಸಿಪಿಯು 93, 94. ಸರಿ, ಬಿಸಿಯೇ, ಆದರೆ 100ಕ್ಕೆ ಮೊದಲು ಏನೂ ಆಗಬಾರದು. ಇದ್ದಕ್ಕಿದ್ದಂತೆ 94 ಅನ್ನೋದು 85 ಆಯಿತು, 77, 72. ಫ್ಯಾನ್ ಸದ್ದು ಇಳಿಯಿತು. ಮಾವನವರು "ತಣ್ಣಗಾತಲ್ರೀ, ಛಲೋ ಆತು" ಅಂದರು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆಮೇಲೆ ಕಣ್ಣು ಪಕ್ಕದ ಸಾಲಿಗೆ ಹೋಯಿತು. ಕ್ಲಾಕ್, ಅಂದರೆ ಪ್ರೊಸೆಸರ್ ಓಡುವ ವೇಗ: ಬರೇ 800 ಮೆಗಾಹರ್ಟ್ಸ್.

ಹುಡುಗ ಕಳಿಸಿದ 71 ಡಿಗ್ರಿಯ ಫೋಟೊದಲ್ಲಿಯೂ ಇದೇ ಸಾಲು ಇತ್ತು. ಆಮೇಲೆ ಮೊಬೈಲ್ ತೆಗೆದು ನೋಡಿದೆ. 800. ಅಲ್ಲೇ ಇತ್ತು. ಸಿಪಿಯು ತಣ್ಣಗಿದ್ದದ್ದು ಕೂಲಿಂಗ್ ಚೆನ್ನಾಗಿದ್ದು ಅಲ್ಲ. ಯಾರೋ ಅದರ ಕುತ್ತಿಗೆ ಹಿಡಿದು ಕೂರಿಸಿದ್ದರು.

ಪಟ್ಟಿಯನ್ನು ಕೆಳಗೆ ಸರಿಸಿದೆ. ವಿಆರ್ ಥರ್ಮಲ್ ಅಲರ್ಟ್: ಯೆಸ್. ಅಂದರೆ ವಿಆರ್‌ಎಂ ಕಾದುಹೋಗಿ, ಅದಕ್ಕೇ ಪ್ರೊಸೆಸರ್‌ನ ವೇಗ ಇಳಿಸಿದೆ. ಗೂಡಿನ ಬಾಗಿಲು ಕಿತ್ತು, ಚಾಲೂ ಇರುವ ಸಿಸ್ಟಮ್ಮನ್ನು ವೈರಿನ ಸಮೇತ ಮೆಲ್ಲಗೆ ಹೊರಗೆ ಎಳೆದೆ. ಗ್ಲಾಸು ತೆಗೆದೆ. ಪ್ರೊಸೆಸರ್ ಕೂರುವ ಸಾಕೆಟ್ ಪಕ್ಕದ, ವಿಆರ್‌ಎಂನ ಒಂದು ಕಪ್ಪು ಚಿಪ್ಪಿನ ಮೇಲೆ ಬೆರಳು ಇಟ್ಟೆ. ಯಾರೂ ಹೀಗೆ ಮಾಡಬೇಡಿ. ಸುರ್ ಅಂತು. ಬೆರಳ ತುದಿಯ ಬೊಕ್ಕೆ ನಾಲ್ಕು ದಿನ ಇತ್ತು.

ಲೆಕ್ಕ ಹಾಕಿದರೆ ಅಷ್ಟೇ. ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಸುಮಾರು 1.2 ವೋಲ್ಟಿಗೆ ಇಳಿಸುವ ಕೆಲಸ ಆ ಚಿಪ್ಪುಗಳದ್ದು. 180 ವ್ಯಾಟ್ ಬೇಕಾದರೆ 150 ಆಂಪ್ಸ್ ಅವುಗಳ ಮೂಲಕವೇ ಹೋಗಬೇಕು. ದಾರಿಯಲ್ಲಿ ಹತ್ತಕ್ಕೆ ಒಂದು ಪಾಲು ಬಿಸಿಯಾದರೂ ಹದಿನೆಂಟು ವ್ಯಾಟು, ಉಗುರಿನಷ್ಟಿರುವ ಕೆಲವೇ ಚಿಪ್ಪುಗಳಲ್ಲಿ. ಮಾಮೂಲಿ ಟವರ್ ಕೂಲರ್ ಇದ್ದಿದ್ದರೆ ಅದರ ಫ್ಯಾನಿನ ಗಾಳಿ ಇವುಗಳ ಮೇಲೂ ಒಂದಷ್ಟು ಬೀಳುತ್ತಿತ್ತು. ನಾನು ಹಾಕಿದ್ದು ವಾಟರ್. ಅದು ಪ್ರೊಸೆಸರ್‌ನ ಬಿಸಿಯನ್ನಷ್ಟೇ ಪೈಪಿನಲ್ಲಿ ಒಯ್ಯುತ್ತದೆ. ಸಾಕೆಟ್ ಸುತ್ತ ಎಲೆ ಅಲ್ಲಾಡುವಷ್ಟೂ ಗಾಳಿ ಇಲ್ಲ. ಕೆಳಗಿಂದ 3060 ತನ್ನ 170 ವ್ಯಾಟಿನ ಬಿಸಿಯನ್ನು ಮೇಲಕ್ಕೆ ಉಗುಳುತ್ತಿದೆ. ಮುಂದೆ ಗ್ಲಾಸು, ಹೊರಗೆ ಪ್ಲೈವುಡ್, ಅದರ ಹೊರಗೆ ರಾಯಚೂರು.

ಈಗ ಏನು ಮಾಡೋದು? ಬಯಾಸ್‌ಗೆ ಹೋಗಿ ಲಿಮಿಟ್ ಇಳಿಸಲು ರೀಸ್ಟಾರ್ಟ್ ಮಾಡಬೇಕು. ಮಾಡಿದರೆ 62 ಪರ್ಸೆಂಟ್ ಸೊನ್ನೆ. ಬಿಟ್ಟರೆ ಯಾವ ಕ್ಷಣದಲ್ಲಾದರೂ ತಾನೇ ಬಂದ್. ಮಾವನವರು ಎದ್ದು ನನ್ನ ಬೆನ್ನ ಹಿಂದೆ ನಿಂತಿದ್ದಾರೆ. ಸ್ಟುಡಿಯೋದವರು ಒಂದು ಮಾತೂ ಆಡುತ್ತಿಲ್ಲ. ಬೈದಿದ್ದರೆ ವಾಸಿ ಇತ್ತು.

ಪವರ್ ಆಪ್ಷನ್ಸ್ ನೆನಪಾಯಿತು. ಲ್ಯಾಪ್‌ಟಾಪ್ ಬಿಸಿಯಾಗುತ್ತೆ ಅಂತ ಬಂದವರಿಗೆ ನಾನೇ ಮಾಡಿಕೊಡುವ ಸಣ್ಣ ಉಪಾಯ. ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇದ್ದದ್ದನ್ನು 99 ಮಾಡು, ಟರ್ಬೋ ನಿಲ್ಲುತ್ತದೆ. ರೀಸ್ಟಾರ್ಟ್ ಬೇಡ. ಮೌಸ್ ಹಿಡಿದ ಕೈ ಬೆವರಿ ಜಾರುತ್ತಿತ್ತು. 800ರ ವೇಗದಲ್ಲಿ ಕಂಟ್ರೋಲ್ ಪ್ಯಾನೆಲ್ ತೆರೆದುಕೊಳ್ಳಲು ಎಷ್ಟು ಹೊತ್ತು ಹಿಡಿಯಿತೋ, ನನ್ನ ಪಾಲಿಗೆ ಒಂದು ಮುಹೂರ್ತ. 99 ಒತ್ತಿದೆ, ಅಪ್ಲೈ.

ಹುಡುಗ ಯಾರೂ ಹೇಳದೆ ಟೇಬಲ್ ಫ್ಯಾನ್ ತಂದು ತೆರೆದ ಬದಿಗೆ ಇಟ್ಟಿದ್ದ. ಒಂದು ಮಾತೂ ಆಡಲಿಲ್ಲ.

ಎರಡು ನಿಮಿಷ. ಅಲರ್ಟ್ ಸಾಲು ನೋ ಆಯಿತು. ಕ್ಲಾಕ್ ಎರಡು ಗಿಗಾಹರ್ಟ್ಸ್ ಹತ್ತಿರ ಬಂದು ಅಲ್ಲೇ ನಿಂತಿತು. ಆಮೆ ನಡಿಗೆ, ಆದರೆ ನಿಲ್ಲದ ನಡಿಗೆ. 63. 64. ಮುಂದಿನ ಮೂರು ಗಂಟೆ ನಾವು ನಾಲ್ವರೂ ಆ ಪಟ್ಟಿಯನ್ನೇ ನೋಡುತ್ತಾ ಕೂತೆವು, ಕ್ರಿಕೆಟ್ ಕೊನೇ ಓವರಿನ ಹಾಗೆ. ಆರೂ ಮೂವತ್ತೈದಕ್ಕೆ ಮುಗಿಯಿತು. ಕಾಪಿ ಆಗುವಾಗ ಪೆನ್‌ಡ್ರೈವ್ ಎಲ್ಲಿ ಅಂತ ಹುಡುಕಾಟ. ಮಾವನವರ ಶರ್ಟಿನ ಜೇಬಲ್ಲೇ ಇತ್ತು.

ಅವರು ಹೋದ ಮೇಲೆ ಬಯಾಸ್‌ನಲ್ಲಿ ಲಿಮಿಟ್ ಅನ್ನು 4096ರಿಂದ 100ಕ್ಕೆ ಇಳಿಸಿದೆ. ರೆಂಡರ್ ಸಮಯ ಹೆಚ್ಚಾದದ್ದು ಸ್ವಲ್ಪವೇ. ಕೊನೇ ಎಂಬತ್ತು ವ್ಯಾಟು ಬಿಸಿಗೆ ಹೋಗುತ್ತದೆ, ಕೆಲಸಕ್ಕೆ ಅಷ್ಟಾಗಿ ಬರಲ್ಲ. ಅಲ್ಲೇ ಒಂದು ರಿಪೇರಿ ಅಂಗಡಿಯಿಂದ ಹಳೇ 80 ಎಂಎಂ ಫ್ಯಾನ್ ತಂದು ವಿಆರ್‌ಎಂ ಕಡೆ ಮುಖ ಮಾಡಿ ಕೇಬಲ್ ಟೈನಲ್ಲಿ ಕಟ್ಟಿದೆ. ಗೂಡಿನ ಹಿಂದಿನ ಪ್ಲೈ ಕೀಳಿಸಿದೆ. ಜೂನ್‌ನಲ್ಲಿ ಮುಂದೆ ಜಾಲರಿ ಇರುವ ಕ್ಯಾಬಿನೆಟ್ಟು, ಟವರ್ ಕೂಲರ್ ಕಳಿಸಿ ವಾಟರ್ ವಾಪಸ್ ತರಿಸಿದೆ. ಜಾಲರಿಗೆ ಹತ್ತಿ ಜಾಸ್ತಿ ಹಿಡಿಯುತ್ತದೆ, ಹದಿನೈದು ದಿನಕ್ಕೊಮ್ಮೆ ತೊಳೆಯಿರಿ ಅಂತ ಹೇಳಿದೆ. ಅದರ ವ್ಯತ್ಯಾಸದ ದುಡ್ಡು ನನ್ನ ಇನ್ಸೆಂಟಿವ್‌ನಲ್ಲಿ ಹಿಡಿದರು. ಬಸ್ ಚಾರ್ಜ್ ಇನ್ನೂ ಬಂದಿಲ್ಲ.

ಅಂಗಡಿಯಲ್ಲಿ 24ಕ್ಕೆ 74 ಬಂದರೆ ರೂಮಿಗಿಂತ 50 ಜಾಸ್ತಿ ಅಂತ. ರೂಮು 45 ಆದರೆ ಅದೇ ಸಿಸ್ಟಮ್ 95. ಇದು ಮೂರನೇ ಕ್ಲಾಸಿನ ಕೂಡುವ ಲೆಕ್ಕ. ಇದನ್ನು ಹೇಳಿದರೆ ಓನರು "ಹಾಗಾದ್ರೆ ಎಸಿ ಆಫ್ ಮಾಡಿ ಟೆಸ್ಟ್ ಮಾಡೋಣ, ಕರೆಂಟ್ ಬಿಲ್ಲೂ ಉಳಿಯುತ್ತೆ" ಅಂದರು. ಒಂದು ವಾರ ನಿಜವಾಗಿಯೂ ಆಫ್ ಮಾಡಿದ್ದರು. ಈಗಲೂ ದಿನಕ್ಕೆ ಇಬ್ಬರಾದರೂ ಬಂದು ವಾಟರ್ ಹಾಕಿ ಅನ್ನುತ್ತಾರೆ. ಯಾವ ಊರು ಸರ್, ಸಿಸ್ಟಮ್ ಎಲ್ಲಿಡ್ತೀರಾ ಅಂತ ಕೇಳುತ್ತೇನೆ. ಸೇಲ್ಸ್‌ನ ಹುಡುಗರು ನಗುತ್ತಾರೆ. ಬೋರ್ಡಿಗೆ ಇನ್ನೊಂದು ಮೂರು ಸಾವಿರ ಹಾಕಿ, ಲೈಟು ಬಿಡಿ ಅಂದರೆ ಹತ್ತರಲ್ಲಿ ಇಬ್ಬರು ಕೇಳುತ್ತಾರೆ.

ಯುಪಿಎಸ್‌ನ 6,000 ರೂಪಾಯಿಯ ಮಾತನ್ನು ಸ್ಟುಡಿಯೋದವರು ಇವತ್ತಿನವರೆಗೂ ಎತ್ತಿಲ್ಲ. ನಾನೂ ಎತ್ತಿಲ್ಲ. ಹೋದ ಬೇಸಿಗೆಯಲ್ಲಿ ಆ ಹುಡುಗ ಒಂದು ಫೋಟೊ ಕಳಿಸಿದ. ಆ ಯುಪಿಎಸ್‌ಗೆ ವೈ-ಫೈ ಡಬ್ಬಿ ಮತ್ತು ಅದೇ ಟೇಬಲ್ ಫ್ಯಾನ್ ಸಿಗಿಸಿದ್ದಾನೆ. ಕೆಳಗೆ ಬರೆದಿದ್ದ: "ಕರೆಂಟ್ ಹೋದ್ರೂ ಗಾಳಿ ಬರ್ತದ್ರೀ ಅಣ್ಣಾ, ನೀವು ಹೇಳಿ ತರಿಸಿದ್ದು ಛಲೋ ಆತು." ತಮಾಷೆಗೆ ಬರೆದನೋ, ನಿಜಕ್ಕೇ ಬರೆದನೋ ಕೇಳಲು ಧೈರ್ಯ ಬರಲಿಲ್ಲ.