'ಮಕ್ಕಳು' ಅನ್ನುವ ಕಾಲಮ್ಮು

"ಆಯಿ, ಈ ತಿಂಗ್ಳಿಂದ ದುಡ್ಡು ಕಳ್ಸದು ಬ್ಯಾಡ. ಎಂಗೆ ಸಂಬಳ ಸಾಕಾಗ್ತು." ಬೆಂಗಳೂರಿಂದ ಮಗ ಹೀಗೆ ಫೋನ್ ಮಾಡಿದ ದಿನ ಶಿರಸಿಯಲ್ಲಿ ಆಷಾಢದ ಮಳೆ ಹೊಯ್ಯುತ್ತಿತ್ತು. ಮಗಳು ಹೋದ ವರ್ಷವೇ ಹಾಗಂದಿದ್ದಳು. ಊಟವಾದ ಮೇಲೆ ಲೆಕ್ಕದ ಪಟ್ಟಿ ತೆಗೆದು ಕೂತೆ.

ನಮ್ಮದು ಅಡಿಕೆ ಮನೆ. ದುಡ್ಡು ಬರುವುದು ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿದು ಸೊಸೈಟಿಗೆ ಹಾಕಿದಾಗ, ಖರ್ಚು ಪ್ರತಿ ತಿಂಗಳು. ನಡುವೆ ಸೊಸೈಟಿ ಸಾಲವೇ ಗತಿ. ಅದಕ್ಕೇ ಆರು ವರ್ಷದಿಂದ ಪಟ್ಟಿಯ ಬಲಗಡೆ ಗೆರೆ ಎಳೆದು 'ಮಕ್ಕಳು' ಅಂತ ಬೇರೆ ಬರೆಯುತ್ತಿದ್ದೆ. ಹಾಸ್ಟೆಲ್, ಮೆಸ್, ಬಸ್ಸು, ಲ್ಯಾಪ್‌ಟಾಪ್ ರಿಪೇರಿ. ಯಾರು ಏನು ಕೇಳಿದರೂ ನನ್ನದು ಒಂದೇ ಮಾತು: "ಮಕ್ಕಳದ್ದೊಂದು ಮುಗೀಲಿ."

ಮುಗಿದಿತ್ತು. ಇವರು ಆಗಲೇ ಹುಬ್ಬಳ್ಳಿಯಲ್ಲಿ ಸೈಟು ಅನ್ನತೊಡಗಿದ್ದರು. ನಾನು ಹಳೇ ಪುಟ ತಿರುಗಿಸುತ್ತಿದ್ದೆ. ಹೋದ ನವೆಂಬರಿನಲ್ಲಿ 'ಹಾಸ್ಟೆಲ್ 42,000'. ಅದರ ಕೆಳಗೇ 'ಕೊನೆಗೌಡ, ಆಸ್ಪತ್ರೆಗೆ 2,000'. ಎರಡೂ ನನ್ನದೇ ಅಕ್ಷರ.

ನಮ್ಮ ತೋಟದ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವುದು ಇಪ್ಪತ್ತು ವರ್ಷದಿಂದ ಕೊನೆಗೌಡನೇ. ಮರದ ತುದಿಯಲ್ಲಿ ಕೂತು, ಮರವನ್ನೇ ತೂಗಿ, ಪಕ್ಕದ ಮರ ಹಿಡಿಯುತ್ತಾನೆ. ಕೆಳಗಿಳಿಯುವುದೇ ಅಪರೂಪ. ಆ ಸಲ ಬಿದ್ದು ಹೆಗಲ ಮೂಳೆ ಮುರಿದು ಎರಡು ತಿಂಗಳು ಮನೆಯಲ್ಲಿದ್ದ. ಆಗಲೂ ನಾನು ಮಕ್ಕಳದ್ದು ಮುಗೀಲಿ ಅಂದಿದ್ದೆ.

ಮರುದಿನ ಮಳೆ ಸ್ವಲ್ಪ ಹೊಳವಾಯಿತು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಕೊನೆಗೌಡ ಬಂದ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಡ್ರಮ್ಮಿನಲ್ಲಿ ಕಲಕುತ್ತಿದ್ದವನ ಮೊಣಕೈವರೆಗೂ ನೀಲಿ. ವಿಮೆ ಇದೆಯಾ ಅಂತ ಕೇಳಿದೆ.

"ಎಂತಕ್ಕೆ ಅಮ್ಮಾ, ಮರ ನನ್ನ ಕೈ ಬಿಡೂದಿಲ್ಲ."

"ಹೋದ ವರ್ಷ ಬಿಟ್ಟಿತ್ತಲ್ಲ?"

"ಅದು ನಾ ಬಿಟ್ಟದ್ದು."

ಪೇಟೆಯ ಬ್ಯಾಂಕಿಗೆ ಕರೆದುಕೊಂಡು ಹೋದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಿಂದಲೂ ಇದೆ. 18ರಿಂದ 70 ವರ್ಷದೊಳಗಿನವರಿಗೆ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಖಾತೆಯಿಂದ ವರ್ಷಕ್ಕೆ ಕಡಿತವಾಗುವುದು 20 ರೂಪಾಯಿ. ಒಂದು ಫಾರ್ಮು, ಒಂದು ಸಹಿ. ಕೌಂಟರಿನ ಮುಂದೆ ನನಗೆ ಮುಖ ಬಿಸಿಯಾಯಿತು. ಇಷ್ಟು ವರ್ಷ ಈ ಇಪ್ಪತ್ತು ರೂಪಾಯಿಗೂ ಮಕ್ಕಳ ಹೆಸರು ಹೇಳಿದ್ದೆನಲ್ಲ! ಹಾಗಂತ ಬರೀ ಮೂಳೆ ಮುರಿದರೆ ಇದರಲ್ಲಿ ಆಸ್ಪತ್ರೆ ಖರ್ಚು ಹುಟ್ಟುವುದಿಲ್ಲ. ಅದಕ್ಕೆ ಅಂಚೆ ಕಚೇರಿಯಲ್ಲಿ ಅವನ ಹೆಸರಿಗೇ ತಿಂಗಳಿಗೆ ಸಾವಿರದ ಒಂದು ಆರ್‌ಡಿ ಮಾಡಿಸಿದೆ. ಸೈಟಿನ ಮಾತು ಇವರು ಇನ್ನೂ ಬಿಟ್ಟಿಲ್ಲ, ಅದು ಬೇರೆ ಜಗಳ.

ವಾಪಸ್ಸು ಬಸ್ಸಿನಲ್ಲಿ ಅವನು ಬಹಳ ಹೊತ್ತು ಕಿಟಕಿಯ ಹೊರಗೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ:

"ಅಮ್ಮಾ, ಆ ಇಪ್ಪತ್ತು ಕೂಲಿಲಿ ಮುರ್ಕಂತ್ರಾ?"